ಮೂತಿಯಿಲ್ಲದ ಗಾಡಿಗೆ ಒಬ್ಬ ಗಿರಾಕಿ

“ಇನ್ನೂ ಸಾವಕಾಶ ಹೊಡಿ, ತಮ್ಮಾ. ಹಿಂದ ಮಂದಿ ನಡಕೋತ ಬರೋಹಂಗ.”

ಗಾಡಿಯ ಹಿಂದಿನ ತೊಟ್ಟಿಯಿಂದ ಅಮರಗುಂಡಪ್ಪನ ದನಿ ಬಂದಾಗ ಸೇಲ್ಸ್‌ಮನ್ ನಾಸೀರ್ ಹಲ್ಲು ಕಚ್ಚಿದ. ಗೊರೇಬಾಳದ ರಸ್ತೆಯಲ್ಲಿ ಎಲೆಕ್ಟ್ರಿಕ್ ಪಿಕಪ್ಪು ಆಗಲೇ ತೆವಳುತ್ತಿತ್ತು. ಹಿಂದೆ ಎರಡು ಆಟೋ, ಒಂದು ಟ್ರ್ಯಾಕ್ಟರು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗಿದ್ದವು. ಎಪ್ಪತ್ತು ದಾಟಿದ ಯಜಮಾನ ಮಾತ್ರ ಮುಂದಿನ ಮೆತ್ತನೆ ಸೀಟು ಬಿಟ್ಟು, ತೊಟ್ಟಿಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು ಟ್ರಯಲ್ ನೋಡುತ್ತಿದ್ದ. ಗಿರಾಕಿ ಏನು ಮಾಡಿದರೂ ಸಹಿಸಬೇಕು, ಬೇರೆ ದಾರಿಯಿಲ್ಲ.

ನಾಸೀರನಿಗೆ ನಿಜಕ್ಕೂ ಬೇರೆ ದಾರಿ ಇರಲಿಲ್ಲ. ಈ ಗಾಡಿ ಸಿಂಧನೂರಿನಲ್ಲಿ ಬಿಸಿ ಮಿರ್ಚಿಯ ಹಾಗೆ ಹೋಗುತ್ತದೆ ಎಂದು ಶೋರೂಮಿನ ಮಾಲೀಕ ಅನಿಲಕುಮಾರನ ಬೆನ್ನು ಹತ್ತಿ ತರಿಸಿದವನು ಅವನೇ. ಬಂತಪ್ಪ ಗಾಡಿ. ಮೂತಿಯೇ ಇಲ್ಲ. ಅಲಮಾರಿಗೆ ಚಕ್ರ ಹಚ್ಚಿದಂಥ ಚಪ್ಪಟೆ ಮುಖ, ಮೊಣಕಾಲೆತ್ತರದ ತೊಟ್ಟಿ. ಲಿಂಗಸುಗೂರಿನ ಅಡತಿ ವ್ಯಾಪಾರಿಯೊಬ್ಬ ಅದಕ್ಕೊಂದು ಸುತ್ತು ಹಾಕಿ, ಇದರ ಮುಂದು ಯಾವುದು ಹಿಂದು ಯಾವುದು ಎಂದು ಕೇಳಿ, ಚಹಾ ಕುಡಿದು ಹೋದ. ಮಸ್ಕಿಯವನೊಬ್ಬ, ಸದ್ದು ಮಾಡದ ಗಾಡಿಗೆ ಎಮ್ಮೆ ಕೂಡ ದಾರಿ ಬಿಡುವುದಿಲ್ಲ ಎಂದು ನಕ್ಕ. ಆರು ತಿಂಗಳಾದರೂ ಅದು ನಿಂತಲ್ಲಿಂದ ಅಲುಗಲಿಲ್ಲ.

ಇತ್ತ ಹಟ್ಟಿಯ ಗಣಿಯಿಂದ ನಾಸೀರನಿಗೆ ಎಲೆಕ್ಟ್ರಿಷಿಯನ್ ಕೆಲಸದ ಕರೆ ಬಂದಿತ್ತು. ಹೆಂಡತಿ ಶಾಜಿಯಾ ಅಲ್ಲೇ ತವರಿನಲ್ಲಿ ದಿನ ಎಣಿಸುತ್ತಿದ್ದಳು. ಸೋಮವಾರ ಅಸಲು ಅಂಕಪಟ್ಟಿ ತೋರಿಸದಿದ್ದರೆ ಕೆಲಸ ಇನ್ನೊಬ್ಬನ ಪಾಲು. ಆ ಅಂಕಪಟ್ಟಿಗಳೋ ಅನಿಲಕುಮಾರನ ಬೀರುವಿನಲ್ಲಿ ಬಂದಿ. ಕೆಲಸಕ್ಕೆ ಸೇರಿದ ದಿನವೇ ಇಸಿದುಕೊಂಡು ಬೀಗ ಹಾಕಿದ್ದ. ಕೇಳಿದ್ದಕ್ಕೆ, ನೀನು ನನ್ನ ಕೊರಳಿಗೆ ಕಟ್ಟಿದ ಗಾಡಿ ಮಾರಾಟವಾಗಿ ಗೇಟು ದಾಟಿದ ದಿನ ನಿನ್ನ ಕಾಗದ ನಿನ್ನ ಕೈಗೆ ಎಂದುಬಿಟ್ಟ. ಇವತ್ತು ಶನಿವಾರ.

ಹಾಗಾಗಿ ಬೆಳಿಗ್ಗೆ ಅಮರಗುಂಡಪ್ಪ ಶೋರೂಮಿಗೆ ಕಾಲಿಟ್ಟಾಗ ನಾಸೀರನಿಗೆ ಹೋದ ಜೀವ ಬಂದಂತಾಗಿತ್ತು. ಮುದುಕ ಗುಂಡುಕಲ್ಲಿನಂತಿದ್ದ. ಬ್ಯಾಟರಿಯ ಮಾತೆತ್ತಲಿಲ್ಲ. ಎಷ್ಟು ಚೀಲ ಭತ್ತ ಹೊರುತ್ತದೆ ಎಂದೂ ಕೇಳಲಿಲ್ಲ. ತೊಟ್ಟಿ ಹತ್ತಿ ಕೂತು, ನೆತ್ತಿಯ ಮೇಲೆ ಎರಡು ಗೇಣು ಅಳೆದು, ಇಲ್ಲಿ ಬಿದಿರಿನ ಕಮಾನು ಕಟ್ಟಿದರೆ ಕರೆಂಟಿನ ತಂತಿಗೆ ತಾಗೀತೇ ಎಂದ. ಹೂವಿನ ಸರ ಇಳಿಬಿಡಲು ಕೊಂಡಿ ಎಲ್ಲಿ ಎಂದ. ಹಿಂದೆ ಬರುವವರಿಗೆ ಹೊಗೆ ಕುಡಿಸುವುದಿಲ್ಲ ತಾನೇ ಎಂದು ಎರಡೆರಡು ಸಲ ವಿಚಾರಿಸಿದ.

ನಾಸೀರ್ ದಡ್ಡನಲ್ಲ. ಕಮಾನು, ಹೂವು, ಹಿಂದೆ ಮಂದಿ. ಪಂಚಾಯ್ತಿ ಚುನಾವಣೆ ಹತ್ತಿರ ಬಂದಿದೆ, ಯಜಮಾನ ನಿಲ್ಲುವವನಿದ್ದಾನೆ, ಮೆರವಣಿಗೆಗೆ ಗಾಡಿ ಹುಡುಕುತ್ತಿದ್ದಾನೆ! ಅಲ್ಲಿಂದ ಮಾತುಮಾತಿಗೂ ಬೆಣ್ಣೆ ಹಚ್ಚಿದ.

“ಆ ದಿನ ಊರಿಗೆ ಊರೇ ಸೇರ್ತೈತಿ ನೋಡ್ರಿ, ಯಜಮಾನ್ರ. ನಿಮ್ಮನ್ನ ಇದರಾಗ ಕುಂದ್ರಿಸಿದ್ದು ಮಂದಿ ಮರೆಯೂದಿಲ್ಲ.”

ಅಮರಗುಂಡಪ್ಪನ ಮುಖ ಅರಳಿತು. ಸೇರುತ್ತಾರೆ, ಎಲ್ಲರಿಗೂ ಬೇಕಾದವನು ನಾನು ಎಂದು ಮೀಸೆ ತೀಡಿದ.

ಈಗ ಗಾಡಿ ಊರು ದಾಟಿ ಕಾಲುವೆಯ ಏರಿ ಹಿಡಿದಿತ್ತು. ತಗ್ಗುದಿನ್ನೆಯ ದಾರಿ. ನಾಸೀರ್ ಉಸಿರು ಬಿಗಿಹಿಡಿದು, ಒಂದು ಕುಲುಕೂ ಇಲ್ಲದಂತೆ ನಡೆಸಿದ. ಹಿಂದಿನಿಂದ ಯಜಮಾನ ಕಥೆ ಶುರುಮಾಡಿದ. ಹೋದ ಬೇಸಿಗೆಯಲ್ಲಿ ಅವನ ಅಣ್ಣನನ್ನು ಇದೇ ದಾರಿಯಲ್ಲಿ ಡೀಸೆಲ್ ಗಾಡಿಯಲ್ಲಿ ಕರೆತಂದಿದ್ದರಂತೆ. ನಡಿಗೆಯ ವೇಗಕ್ಕೆ ಎಂಜಿನ್ ಕಾದು, ಏರಿಯ ಮೇಲೆ ಕೆಟ್ಟು ನಿಂತಿತಂತೆ. ಸುಡುಬಿಸಿಲು, ಹೊಗೆ, ಕೆಮ್ಮುವ ಜನ.

“ಅಣ್ಣ ಒಂದು ಮಾತು ಆಡಲಿಲ್ಲ. ಆದ್ರ ನನಗ ಹೊಟ್ಟಿ ಉರದುಹೋತು. ಅಂಥಾ ಮನಿಷ್ಯಾಗ ಹಂಗ ಆಗಬಾರದಿತ್ತು.”

ಅಣ್ಣನೂ ಚುನಾವಣೆಗೆ ನಿಂತವನಿರಬೇಕು, ಪಾಪ, ಸೋತಿರಬೇಕು ಎಂದುಕೊಂಡ ನಾಸೀರ್.

ದಾರಿ ಅಮರಗುಂಡಪ್ಪನ ಗದ್ದೆಯ ಮೂಲೆಯಲ್ಲಿ ಮುಗಿಯಿತು. ಬೇವಿನ ಮರದ ನೆರಳಿಗೆ ಗಾಡಿಯ ಹಿಂಭಾಗ ತಿರುಗಿಸಿ ನಿಲ್ಲಿಸಲು ಹೇಳಿದ. ನಾಸೀರ್ ನಿಲ್ಲಿಸಿದ್ದು ಮುದುಕನಿಗೆ ಗೊತ್ತೇ ಆಗಲಿಲ್ಲ. ನಿಂತಿತೇ ಎಂದು ಕೇಳಿದ. ತೊಟ್ಟಿಯಿಂದ ತಾನೇ ಇಳಿದು, ಮರದಾಚೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು ನಾಸೀರನ ಬೆನ್ನು ತಟ್ಟಿದ. ಗಾಡಿ ತನ್ನದೇ ಎಂದ. ನಿಮ್ಮ ಮಾಲೀಕನಿಗೆ ಈಗಷ್ಟೇ ಫೋನು ಮಾಡಿ ವ್ಯವಹಾರ ಪೂರ್ತಿ ಮುಗಿಸಿದ್ದೇನೆ ಎಂದ.

ನಾಸೀರನ ಕಣ್ಣು ತುಂಬಿ ಬಂತು. ಸೋಮವಾರ, ಹಟ್ಟಿ, ಬಾಗಿಲಲ್ಲಿ ನಿಂತ ಶಾಜಿಯಾ. ಇವತ್ತೇ ಮನೆಗೆ ತಂದು ಬಿಡುತ್ತೇನೆ ಎಂದು ತೊದಲಿದ.

“ಇವತ್ತ ಮನಿ ಮುಂದ ನಿಲ್ಲಿಸಿದ್ರ ನಮ್ಮಾಕಿ ಹೊಯ್ಕೋತಾಳ. ಅಲ್ಲೀತನಕ ನಿಮ್ಮಲ್ಲೇ ಇರಲಿ. ನಿನ್ನ ಕೈ ಭಾಳ ಹಗುರ ಐತಿ, ತಮ್ಮಾ. ಓಡಸಾವ ನೀನ. ಅಲ್ಲೀತನಕ ನಿನ್ನ ಎಲ್ಲೂ ಬಿಡಬಾರದಂತ ನಿಮ್ಮ ಮಾಲಕನ ಕಡಿಂದ ಮಾತು ತಗೊಂಡೀನಿ.”

“ಎಲ್ಲೀತನಕ್ರೀ?”

ಅಮರಗುಂಡಪ್ಪ ಬೇವಿನ ಬುಡಕ್ಕೆ ಕೈ ತೋರಿಸಿದ. ಸುಣ್ಣ ಬಳಿದ ಎರಡು ಸಮಾಧಿ, ಪಕ್ಕದಲ್ಲಿ ಹುಲ್ಲು ಕಿತ್ತು ಹಸನು ಮಾಡಿದ ಒಂದು ಜಾಗ.

“ಇವ ಅಣ್ಣ, ಇವ ಅಪ್ಪ. ನಮ್ಮ ಮಂದೀನ ಕುಂದ್ರಿಸೇ ತರ್ತಾರ, ಕುಂದ್ರಿಸೇ ಮಣ್ಣು ಮಾಡ್ತಾರ. ಆದ್ರ ನೀ ಅವಸರ ಮಾಡಬ್ಯಾಡ, ನಮ್ಮಪ್ಪ ನೂರಾ ಎರಡು ವರ್ಷ ಬದುಕಿದ್ದ.”