ಹೆಸರು ಹಿಡಿದರೆ

"ಇದೇ ಕೊನೇ ಬೋಟು. ನಿಮ್ಮ ಯಜಮಾನರ ಹೆಸರು ಹೇಳಿ, ಕೂಗ್ತೇನೆ," ಎಂದು ಬೋಟಿನವನು ಮೈಕು ಎತ್ತಿದ. ಕಸ್ತೂರಿ ಗಂಡನ ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡಳು. ದ್ವೀಪ ನೋಡಲು ಬಂದವರೆಲ್ಲ ಬೋಟು ಹತ್ತಿಯಾಗಿತ್ತು. ಫೋಟೊ ತೆಗೆಯಲು ಬಂಡೆಗಳಾಚೆ ಹೋದ ಅವನು ಮಾತ್ರ ಬಂದಿರಲಿಲ್ಲ. ಅವನು ನಡೆದುಹೋದ ಮರಳಿನ ದಾರಿ ಈಗ ನೀರಿನಡಿ ಇತ್ತು.

"ನಮ್ಮ ಮನಿಯವ್ರರಿ... ಸಂಪಗಾಂವದವ್ರು," ಎಂದಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳಿದ್ದಳು. ಮದುವೆಯಾಗಿ ಎರಡು ವರ್ಷವಾದರೂ ಆ ಹೆಸರು ಕಸ್ತೂರಿಯ ಬಾಯಿಂದ ಬಂದಿರಲಿಲ್ಲ.

"ಹೆಸರಮ್ಮಾ, ಹೆಸರು!"

ದೊಡ್ಡ ತೆರೆಯೊಂದು ಬಂಡೆಗಳನ್ನೇ ಮುಚ್ಚಿತು. ಕಸ್ತೂರಿ ಮೈಕು ಕಸಿದುಕೊಂಡು, ಅತ್ತೆ ಹೊಲದ ಬದುವಿನಿಂದ ಮಗನನ್ನು ಕರೆಯುವ ಹಾಗೆಯೇ ಕೂಗಿದಳು: "ನಿಂಗ್ಯಾ! ಏ ನಿಂಗ್ಯಾ!"

ದೂರದ ಬಂಡೆಯ ಮೇಲೆ ಮೊಬೈಲು ಹಿಡಿದ ಕೈಯೊಂದು ಎದ್ದಿತು.