ಎದೆಮಟ್ಟದ ಗೋಡೆ

ಹಸಿ ಸಿಮೆಂಟಿನ ವಾಸನೆ ಬಂದರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

ಪುಲಿಕೇಶಿನಗರದಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಅಪ್ಪ ಗಾರೆ ಕೆಲಸ ಮಾಡುತ್ತಿದ್ದ. ಅಮ್ಮ ಅವನಿಗೆ ಬಾಂಡ್ಲಿಯಲ್ಲಿ ಕಲಸಿದ ಸಿಮೆಂಟು ಹೊತ್ತು ಕೊಡುತ್ತಿದ್ದಳು. ಶಾಲೆಗೆ ರಜೆ, ನಾನೂ ಅಲ್ಲೇ ಇದ್ದೆ. ಆ ವಾರ ಅಪ್ಪನ ಬಲಭುಜ ಹಿಡಿದುಕೊಂಡು, ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮೇಸ್ತ್ರಿಗೆ ಹೇಳುವ ಹಾಗಿರಲಿಲ್ಲ.

ಮೇಸ್ತ್ರಿ ಊಟಕ್ಕೆ ಹೋದ ಕೂಡಲೇ ಅಮ್ಮ ಅಪ್ಪನ ಕೈಯಿಂದ ಕರಣೆ ಕಿತ್ತುಕೊಂಡಳು. ನೋಡಿ ನೋಡಿಯೇ ಕಲಿತಿದ್ದಳು. ಹಿಂದೊಮ್ಮೆ ಕಲಿಸಿ ಅಂದಿದ್ದಕ್ಕೆ ಮೇಸ್ತ್ರಿ, "ನೀನೂ ಕರಣೆ ಹಿಡಿದ್ರೆ ಸಿಮೆಂಟ್ ಹೊರೋರ್ಯಾರಮ್ಮ?" ಅಂತ ನಕ್ಕಿದ್ದ. ಈಗ ಅವಳು ಬಚ್ಚಲಿನ ಗೋಡೆಗೆ ಸಿಮೆಂಟು ಎರಚಿ, ಮುದ್ದೆ ಕಟ್ಟುವಾಗ ಒದ್ದೆ ಕೈ ಆಡಿಸುವ ಹಾಗೆ ಕರಣೆ ಆಡಿಸಿದಳು. ಸೂರಿನವರೆಗೂ ಗೋಡೆ ನುಣ್ಣಗಾಯಿತು. ನಾನು ಬಾಗಿಲಲ್ಲಿ ಕಾವಲಿದ್ದೆ.

ಮೇಸ್ತ್ರಿ ಬಂದವನೇ ಬಾಗಿ, ಗೋಡೆಯನ್ನು ಓರೆಯಿಂದ ನೋಡಿದ.

"ಪರ್ವಾಗಿಲ್ವಲ್ಲೋ! ಇಷ್ಟ್ ದಿನ ಸುಮ್ನೆ ಟೈಮ್‌ಪಾಸ್ ಮಾಡ್ತಿದ್ಯಾ? ನಾಳೆಯಿಂದ ದಿನಾ ಇದೇ ಸ್ಪೀಡ್ ಬೇಕು. ಆಗಲ್ಲ ಅಂದ್ರೆ ಹೇಳು, ಬೇರೆಯವ್ರನ್ನ ಕರೆಸ್ತೀನಿ."

ಅಪ್ಪ ತಲೆ ತಗ್ಗಿಸಿದ.

"ಆಯ್ತಣ್ಣ" ಅಂದವಳು ಅಮ್ಮ.

ಮೇಸ್ತ್ರಿ ಅಲ್ಲೇ ಕುರ್ಚಿ ಎಳೆದುಕೊಂಡು ಕೂತ. ಅಮ್ಮ ಕರಣೆ ತೊಳೆದು ಅಪ್ಪನ ಕೈಗಿಟ್ಟಳು. ಸಿಂಬಿ ಸುತ್ತಿ ತಲೆಗಿಟ್ಟುಕೊಂಡು ಬಾಂಡ್ಲಿ ಹೊತ್ತಳು. ಅಪ್ಪ ಪಕ್ಕದ ಗೋಡೆಗೆ ಎದೆಮಟ್ಟದವರೆಗೆ ಸಿಮೆಂಟು ಬಳಿದು, ಮೇಲಿನ ಬರಿ ಇಟ್ಟಿಗೆಗಳನ್ನೇ ನೋಡುತ್ತ ನಿಂತುಬಿಟ್ಟ.