ಇಲಿಗಳು ಕುಡಿದ ರಸ

ನೆಲನೆಲ್ಲಿ ರಸದ ಲೋಟವನ್ನು ತುಟಿಗಿಟ್ಟ ಅಪ್ಪ, ಕುಡಿಯದೆ ಕೇಳಿದರು, "ನಿನ್ನ ಲ್ಯಾಬಿನ ಇಲಿಗಳು ಏನಾದವಮ್ಮಾ?"

"ಚೆನ್ನಾಗಿವೆ ಅಪ್ಪ. ವಿಷ ಕೊಟ್ರೂ ಲಿವರ್‌ಗೆ ಏನೂ ಆಗಿಲ್ಲ," ಎಂದಳು ಮಗಳು.

ಮೂವತ್ತು ವರ್ಷ ಗೋಡೆಗೆ ಬಣ್ಣ ಬಳಿದು, ದಿನಾ ಸಂಜೆ ಥಿನ್ನರ್‌ನಲ್ಲೇ ಕೈ ತೊಳೆದವರು ಅವರು. ಆ ಥಿನ್ನರೇ ಅವರ ಲಿವರನ್ನು ತಿಂದುಹಾಕಿತ್ತು. ಕಣ್ಣುಗಳು ಅರಿಶಿನದ ಹಾಗಾಗಿದ್ದವು.

"ರಸ ಕುಡಿಸಿದ್ದು ವಿಷಕ್ಕಿಂತ ಮೊದಲೋ, ಆಮೇಲೋ?"

ಮಗಳು ರಸ ತಂದಿದ್ದ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದಳು. ಸುಳ್ಳು ಬಾಯಿಗೆ ಬರಲಿಲ್ಲ. "ಮೊದಲು."

"ಅಂದ್ಕೊಂಡೆ. ಬಣ್ಣಕ್ಕೆ ಮೊದಲು ಹೊಡೆಯೋ ನಮ್ಮ ಪ್ರೈಮರ್ ಥರಾನೇ. ಗೋಡೆ ಕೆಟ್ಟ ಮೇಲೆ ಹೊಡೆದ್ರೆ ಏನು ಬಂತು?"

ಅಪ್ಪ ಮುಖ ಸಿಂಡರಿಸದೆ ಕಹಿಯನ್ನೆಲ್ಲ ಕುಡಿದು, ಖಾಲಿ ಲೋಟವನ್ನು ಅವಳ ಕೈಗಿಟ್ಟರು.

"ನಾಳೆನೂ ತಗೊಂಡು ಬಾ," ಎಂದರು. "ನಿನಗೆ ಸಮಾಧಾನ ಆಗತ್ತೆ."